ಸಿಲಿಕಾನ್ ಹೊಡೆದರೂ ಹೇನು ಏಕೆ ಸಾಯಲಿಲ್ಲ?

ಪ್ರಶ್ನೆ: ಮೆಕ್ಕೆಜೋಳದ ಸುಳಿ ತುಂಬ ಸಸ್ಯಹೇನು. ಸಿಲಿಕಾನ್ ಗೊಬ್ಬರವಾದ ಪೊಟ್ಯಾಸಿಯಂ ಸಿಲಿಕೇಟಿಗೆ ಡೈಮಿಥೊಯೇಟ್ ಕೀಟನಾಶಕ ಬೆರೆಸಿ ಎರಡು ಸಲ ಹೊಡೆದೆ. ಹೇನು ಇಳಿಯಲಿಲ್ಲ, ನಾಜಲ್ ಬೇರೆ ಕಟ್ಟಿಕೊಂಡಿತು. ಮಾಲು ನಕಲಿಯೇ?

ಉತ್ತರ: ಪ್ರತಿ ಹಂಗಾಮಿನಲ್ಲೂ ಇದೇ ದೂರು. ಮಾಲನ್ನು ಬೈಯುವ ಮೊದಲು ಬೆರೆಸಿದ್ದನ್ನು ನೋಡಿ. ಪೊಟ್ಯಾಸಿಯಂ ಸಿಲಿಕೇಟಿನ ಪಿಎಚ್ 11ರ ಆಚೆ ಈಚೆ. ಅಂಥ ಕ್ಷಾರದಲ್ಲಿ ಡೈಮಿಥೊಯೇಟ್, ಮೆಲಾಥಿಯಾನ್ ಟ್ಯಾಂಕಿನಲ್ಲೇ ಒಡೆದು ಸತ್ವ ಕಳೆದುಕೊಳ್ಳುತ್ತವೆ. ಜಿಂಕ್ ಸಲ್ಫೇಟ್, ಕ್ಯಾಲ್ಸಿಯಂ ನೈಟ್ರೇಟ್ ಸೇರಿಸಿದರಂತೂ ಗಂಜಿಯಂತೆ ಹೆಪ್ಪುಗಟ್ಟುತ್ತದೆ. ಪಂಪ್ ತೊಳೆಯದೆ ಇಟ್ಟರೆ ನಾಜಲ್ ತೂತಿನಲ್ಲಿ ಗಾಜಿನ ಪೊರೆಯಂತೆ ಒಣಗಿ ಕೂರುತ್ತದೆ. ಸಿಲಿಕೇಟನ್ನು ಬರೀ ನೀರಿನಲ್ಲಿ ಕಲಸಿ, ಅಂದೇ ಮುಗಿಸಿ, ಪಂಪನ್ನು ಕೂಡಲೇ ಎರಡು ಸಲ ತೊಳೆಯಿರಿ.

ಎರಡನೇ ತಪ್ಪು ಸಮಯದ್ದು. ಸಿಲಿಕಾನ್ ವಿಷವಲ್ಲ. ಬೇರು ಅದನ್ನು ಸಿಲಿಸಿಕ್ ಆಮ್ಲವಾಗಿ ಹೀರುತ್ತದೆ. ನೀರಿನ ಜತೆ ಮೇಲೇರಿ ಎಲೆಯಲ್ಲಿ ಕೂತ ಮೇಲೆ ಅದು ಹೊಸ ಎಲೆಗೆ ಹೋಗುವುದಿಲ್ಲ. ಸುಳಿಯಲ್ಲಿ ಹೇನು ತುಂಬಿದ ಮೇಲೆ ಎಲೆಗೆ ಹೊಡೆದರೆ ಏನು ಬಂತು? "ಎಲೆ ಗಾಜಿನಂತಾಗಿ ಹೇನಿನ ಬಾಯಿ ಮುರಿಯುತ್ತದೆ" ಎಂದು ಹೇಳಿ ಡಬ್ಬಿ ಮಾರುವವರನ್ನು ನಂಬಬೇಡಿ. ಎಲೆ ಅಗಿಯುವ ಹುಳುವಿನ ದವಡೆ ಸವೆಯುವುದು ನಿಜ. ಆದರೆ ಹೇನು ಅಗಿಯುವುದಿಲ್ಲ. ಕೂದಲಿಗಿಂತ ಸಣ್ಣ ಸೂಜಿಯನ್ನು ಜೀವಕೋಶಗಳ ಸಂದಿಯಲ್ಲಿ ತೂರಿಸಿ ರಸನಾಳ ಮುಟ್ಟುತ್ತದೆ. ಸಿಲಿಕಾನ್ ಉಂಡ ಗಿಡದಲ್ಲಿ ಪೆರಾಕ್ಸಿಡೇಸ್‌ನಂಥ ರಕ್ಷಕ ಕಿಣ್ವಗಳು ಏರುತ್ತವೆ. ಗೋಧಿಯ ಪ್ರಯೋಗಗಳಲ್ಲಿ ಹೇನು ಸೂಜಿಯನ್ನು ಮತ್ತೆ ಮತ್ತೆ ಹೊರಗೆಳೆದುಕೊಂಡಿದೆ, ಮರಿ ಕಡಿಮೆ ಹಾಕಿದೆ. ಲಾಭ ಇಷ್ಟೇ, ಆದರೆ ಸಣ್ಣದಲ್ಲ: ಹೇನು ಕೂಡದೆಯೇ ಮರಿ ಹಾಕುವ ಕೀಟ. ಅದರ ವೇಗ ತಗ್ಗಿದರೆ ಗುಲಗಂಜಿ ಹುಳುವಿಗೆ ತಿಂದು ಮುಗಿಸಲು ಸಮಯ ಸಿಗುತ್ತದೆ.

ಆದ್ದರಿಂದ ಮುಂದಿನ ಬೆಳೆಗೆ ಬಿತ್ತುವ ಮುಂಚೆಯೇ ಕೊನೆಯ ಕುಂಟೆಯಲ್ಲಿ ಎಕರೆಗೆ 8 ಕ್ವಿಂಟಲ್ ಭತ್ತದ ಹೊಟ್ಟಿನ ಬೂದಿ ಸೇರಿಸಿ. ಕಪ್ಪು-ಬೂದು ಬಣ್ಣದ್ದನ್ನೇ ಆರಿಸಿ. ಅತಿ ಶಾಖದಲ್ಲಿ ಸುಟ್ಟ ಬೂದಿಯ ಸಿಲಿಕಾ ಹರಳುಗಟ್ಟಿರುತ್ತದೆ, ಬೇರಿಗೆ ಸಿಗುವುದು ಕಷ್ಟ. ಡ್ರಿಪ್ ಇದ್ದರೆ ಸಿಲಿಕೇಟನ್ನು ಲೇಬಲ್ ಪ್ರಮಾಣದಲ್ಲಿ ಬೇರಿಗೇ ಕೊಡಿ. ಅದೇ ಸರದಿಯಲ್ಲಿ ಬೇರೆ ಗೊಬ್ಬರ ಬಿಡಬೇಡಿ. ಯೂರಿಯಾ ಸುರಿದು ಗಿಡ ಕಡುಹಸಿರು ಮಾಡಿದರೆ ಇಷ್ಟೂ ದಂಡ, ಎಳಸು ರಸವೇ ಹೇನಿಗೆ ಹಬ್ಬ.

ಈಗಿರುವ ಹೇನಿಗೆ? ಸುಳಿ ಬಿಡಿಸಿ ನೋಡಿ. ಗುಲಗಂಜಿ ಹುಳುವಿನ ಮರಿಗಳು ದಂಡಿಯಾಗಿದ್ದರೆ ಒಂದು ವಾರ ಕೈ ಕಟ್ಟಿ ಕೂರಿ. ಇಲ್ಲದಿದ್ದರೆ ಮೆಕ್ಕೆಜೋಳಕ್ಕೆ ಶಿಫಾರಸಾದ ಕೀಟನಾಶಕವನ್ನು ಒಂದನ್ನೇ ಹೊಡೆಯಿರಿ.

ಪ್ರಶ್ನೆ: ಸಿಲಿಕಾನ್ ಸ್ಪ್ರೆಡರ್ ಹಾಕುತ್ತಿದ್ದೇನೆ, ಸಾಲದೇ?

ಉತ್ತರ: ಅದು ಔಷಧಿ ಎಲೆಯ ಮೇಲೆ ಹರಡಲಿಕ್ಕೆ. ಗಿಡಕ್ಕೆ ಅದರಿಂದ ಸಿಲಿಕಾನ್ ಸಿಗದು.

ಪ್ರಶ್ನೆ: ಎಂ-ಸ್ಯಾಂಡ್ ಪುಡಿ ಎರಚಬಹುದೇ?

ಉತ್ತರ: ಬೇಡ. ಬೇರಿಗೆ ಬೇಕಾದಷ್ಟು ಅದು ಕರಗುವುದೇ ಇಲ್ಲ.

ಪ್ರಶ್ನೆ: ಟೊಮೆಟೊಗೆ?

ಉತ್ತರ: ಟೊಮೆಟೊ ಸಿಲಿಕಾನನ್ನು ತೀರಾ ಕಡಿಮೆ ಹೀರುತ್ತದೆ. ಆ ದುಡ್ಡಿಗೆ ಬೇವಿನ ಎಣ್ಣೆ ತನ್ನಿ, ಎಲೆಯ ಅಡಿಭಾಗ ನೆನೆಯುವಂತೆ ಹೊಡೆಯಿರಿ.