ನಾರಿನ ಲೆಕ್ಕದ ನೋಟ್‌ಬುಕ್

ನನ್ನ ಹತ್ರ ಸಲಹೆಗೆ ಬಂದ ಒಬ್ಬರ ಕಥೆ ಇದು, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿರೋದು. ನಲವತ್ತು ದಾಟಿದ ಹೆಂಗಸು, ರುಮಟಾಯ್ಡ್ ಆರ್ಥ್ರೈಟಿಸ್ (ರೋಗನಿರೋಧಕ ವ್ಯವಸ್ಥೆ ನಮ್ಮ ಕೀಲುಗಳ ಮೇಲೇ ತಿರುಗಿಬಿದ್ದು, ಕೀಲು ಊದಿ ನೋಯೋ, ಬೆಳಗ್ಗೆ ಹೊತ್ತು ಬಿಗಿಯೋ ಕಾಯಿಲೆ) ಅಂತ ಗೊತ್ತಾಗಿ ಒಂದೂವರೆ ವರ್ಷ. ಬಂದವರೇ ಟೇಬಲ್ ಮೇಲೆ ಒಂದು ನೋಟ್‌ಬುಕ್ ಇಟ್ರು, ಹೊತ್ತುಹೊತ್ತಿಗೆ ಊಟದಲ್ಲಿ ಎಷ್ಟು ಗ್ರಾಂ ನಾರು (ಫೈಬರ್) ತಿಂದ್ರು ಅನ್ನೋ ಲೆಕ್ಕ. "ಮೇಡಂ, ಇದು ಹೊಟ್ಟೆ ಬ್ಯಾಕ್ಟೀರಿಯಾ ಕೆಟ್ಟು ಬರೋದಂತೆ, ಓದಿದೆ, ಇಷ್ಟು ವರ್ಷ ಕಂಡಿದ್ದೆಲ್ಲಾ ತಿಂದು ನಾನೇ ತಂದ್ಕೊಂಡೆ" ಅಂತ ಅತ್ರು. ಸ್ವಲ್ಪ ಹೊತ್ತಾದ್ಮೇಲೆ ಅಸಲಿ ವಿಷ್ಯ ಹೊರಗೆ ಬಂತು, ಈ ಕಾಯಿಲೆಯನ್ನ ಹತೋಟಿಲಿಡೋ, ವಾರಕ್ಕೊಂದ್ಸಲದ ಮೆಥೊಟ್ರೆಕ್ಸೇಟ್ ಮಾತ್ರೆ ನಿಲ್ಸಿ ಆರು ವಾರ ಆಗಿದೆ, ಡಾಕ್ಟರ್‌ಗೆ ಹೇಳಿಲ್ಲ.

ಅವರು ಓದಿದ್ದು ಪೂರ್ತಿ ಸುಳ್ಳಾಗಿದ್ರೆ ನನ್ ಕೆಲ್ಸ ಸುಲಭ ಇತ್ತು. ನಮಗೆ ಅರಗದ ನಾರನ್ನ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಹುದುಗಿಸಿ ಬ್ಯುಟಿರೇಟ್ ತರದ ಕೊಬ್ಬಿನಾಮ್ಲ ಮಾಡುತ್ವೆ, ಆ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಊಟ, ರೋಗನಿರೋಧಕ ವ್ಯವಸ್ಥೆ ವಿಪರೀತ ರೇಗದಂಗೆ ಹಿಡಿದಿಡೋ ಟಿ ಕೋಶಗಳಿಗೂ (ಒಂದು ಬಗೆಯ ಬಿಳಿ ರಕ್ತಕಣ) ಅದರಿಂದ ಬಲ. ಹೊಸದಾಗಿ ಈ ಕಾಯಿಲೆ ಬಂದವರಲ್ಲಿ ಪ್ರಿವೊಟೆಲ್ಲಾ ಕೋಪ್ರಿ ಅನ್ನೋ ಬ್ಯಾಕ್ಟೀರಿಯಾ ಜಾಸ್ತಿ ಕಾಣಿಸ್ತು ಅಂತ 2013ರಲ್ಲಿ ಅಧ್ಯಯನವೂ ಬಂತು. ಆದ್ರೆ ಜಾಸ್ತಿ ಇತ್ತು ಅಂದ ಮಾತ್ರಕ್ಕೆ ಅದೇ ಕಾಯಿಲೆ ತಂತು ಅಂತ ಹೇಳೋಕಾಗಲ್ಲ, ವಂಶವಾಹಿ, ಸಿಗರೇಟು, ವಸಡಿನ ರೋಗ ಅಂತ ಎಷ್ಟೋ ಕಾರಣ ಥಳಕು ಹಾಕ್ಕೊಂಡಿರೋ ಕಾಯಿಲೆಗೆ ನಿಮ್ಮ ತಟ್ಟೆ ಒಂದನ್ನೇ ಕಟಕಟೆಗೆ ನಿಲ್ಲಿಸ್ಬೇಡಿ ಅಂದೆ.

ನೋಟ್‌ಬುಕ್ ತಿರುವಿ ಹಾಕಿದೆ. ಮೊದಮೊದಲು ಬೆಳಗ್ಗೆ ಬರೆದ ಸಾಲು ಮಾತ್ರ ಸೊಟ್ಟ, ಮಧ್ಯಾಹ್ನ ರಾತ್ರಿದೆಲ್ಲಾ ದುಂಡಗೆ. ಮಾತ್ರೆ ಬಿಟ್ಟ ನಾಲ್ಕನೇ ವಾರದಿಂದ ಮಧ್ಯಾಹ್ನದ ಅಕ್ಷರಾನೂ ಸೊಟ್ಟ. ನಾನೇನೂ ಅನ್ನದೆ ಪುಟ ಅವರ ಕಡೆ ತಿರುಗಿಸ್ದೆ. ನೋಡ್ಕೊಂಡು, ಸುಮ್ನೆ ಬೆರಳು ಮಡಚೋಕೆ ಹೋದ್ರು, ಮುಷ್ಟಿ ಪೂರ್ತಿ ಆಗ್ಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟೇ: ಈ ವಾರವೇ ಡಾಕ್ಟರ್ ಹತ್ರ ಹೋಗಿ ನಿಲ್ಸಿದ್ದನ್ನ ಮುಚ್ಚಿಡದೆ ಹೇಳಿ, ನೀವಾಗೇ ವಾಪಸ್ ಶುರು ಮಾಡ್ಬೇಡಿ, ಎಷ್ಟು ಡೋಸ್, ಯಾವ ಟೆಸ್ಟ್ ಅಂತ ಅವ್ರೇ ನೋಡ್ಲಿ, ಕೀಲಿನ ಮೂಳೆ ಒಮ್ಮೆ ಸವೆದ್ರೆ ನಾರಿಂದ ವಾಪಸ್ ಬರಲ್ಲ. ನಾರು ಮಾತ್ರ ಬಿಡ್ಬೇಡಿ, ದಿನಕ್ಕೆ 25-30 ಗ್ರಾಂ ಸಾಕು, ಒಂದೇ ಸಲ 12ರಿಂದ 40ಕ್ಕೆ ಹಾರಿದ್ರೆ ಹೊಟ್ಟೆ ಉಬ್ಬರಿಸ್ದೆ ಇನ್ನೇನಾಗುತ್ತೆ, ಕಾಳು, ತರಕಾರಿ, ಸಿಪ್ಪೆ ಸಮೇತ ಹಣ್ಣು, ಸ್ವಲ್ಪ ಸ್ವಲ್ಪ ಏರಿಸಿ, ನೀರು ಚೆನ್ನಾಗಿ ಕುಡೀರಿ. ಡಾಕ್ಟರ್ ಬೈತಾರೆ ಅನ್ನೋದೇ ಅವರಿಗಿದ್ದ ದೊಡ್ಡ ಭಯ, ಹಂಗಾಗಿ ಅಲ್ಲಿ ಮೊದಲ ಮಾತು ಏನು ಆಡ್ಬೇಕು ಅಂತ ನಾಲ್ಕು ಸಲ ಹೇಳಿಸಿ ಪ್ರಾಕ್ಟೀಸ್ ಮಾಡಿಸ್ದೆ (ಸೆಷನ್‌ನ ಅರ್ಧ ಇದಕ್ಕೇ ಹೋಯ್ತು).

ಮುಂದಿನ ಸಲ ಬಂದಾಗ ಮಾತ್ರೆ ಶುರು ಆಗಿತ್ತು. ನೋಟ್‌ಬುಕ್‌ನಲ್ಲಿ ಗ್ರಾಂ ಪಕ್ಕ ಹೊಸ ಕಾಲಂ ಒಂದು, ಬೆಳಗ್ಗೆ ಕೈ ಬಿಗಿತ ಎಷ್ಟು ನಿಮಿಷ ಅಂತ. ಡಾಕ್ಟರೇ ಬರ್ಕೊಂಡು ಬನ್ನಿ ಅಂದ್ರಂತೆ.