ಉಕ್ಕು ಯಾಕೆ ಮುರಿಯಿತು ಎಂದು ಕೇಳುವವರ ಓದು

ಪ್ರಶ್ನೆ: ನನಗೆ ಭೌತಶಾಸ್ತ್ರವೂ ಇಷ್ಟ, ರಸಾಯನಶಾಸ್ತ್ರವೂ ಇಷ್ಟ. ಎಂಜಿನಿಯರಿಂಗ್ ಪದವಿಗಳ ಪಟ್ಟಿಯಲ್ಲಿ ‘ಮೆಟೀರಿಯಲ್ಸ್ ಸೈನ್ಸ್ ಆ್ಯಂಡ್ ಎಂಜಿನಿಯರಿಂಗ್’ ಎಂಬ ಹೆಸರು ಕಂಡಿತು. ಅದರಲ್ಲಿ ಏನು ಕಲಿಸುತ್ತಾರೆ ಎಂದು ಹೇಳುವವರೇ ಸಿಕ್ಕಿಲ್ಲ. ಮೆಕ್ಯಾನಿಕಲ್‌ಗೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ಕಾಗದಕ್ಕೆ ಸಿಕ್ಕಿಸುವ ಉಕ್ಕಿನ ಕ್ಲಿಪ್ ಒಂದನ್ನು ತೆಗೆದುಕೊಳ್ಳಿ. ಅದನ್ನು ನೆಟ್ಟಗೆ ಮಾಡಿ, ಒಂದೇ ಜಾಗದಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ಬಗ್ಗಿಸುತ್ತಾ ಹೋಗಿ. ಮೊದಲು ಬಗ್ಗಿದ ಜಾಗ ಬಿರುಸಾಗುತ್ತದೆ, ಬೆರಳಿಟ್ಟರೆ ಬೆಚ್ಚಗಿರುತ್ತದೆ, ಇನ್ನೂ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಯಾಕೆ ಬಿರುಸಾಯಿತು, ಯಾಕೆ ಬಿಸಿಯಾಯಿತು, ಯಾಕೆ ಮುರಿಯಿತು? ಈ ಮೂರು ಪ್ರಶ್ನೆಗೆ ಸರಿಯಾದ ಉತ್ತರ ಸಿಗುವ ಹೊತ್ತಿಗೆ ಪದವಿಯ ಅರ್ಧ ದಾರಿ ಬಂದಿರುತ್ತೀರಿ.

ಮೆಕ್ಯಾನಿಕಲ್‌ನವರು ಈ ಭಾಗ ಎಷ್ಟು ಭಾರ ಹೊರುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಮೆಟೀರಿಯಲ್ಸ್ ಓದಿದ ನಾವು ಅದರ ಒಳಗಿನ ಪರಮಾಣುಗಳು ಹೇಗೆ ಕೂತಿವೆ, ಹಾಗೆ ಕೂರುವಂತೆ ಮಾಡಿದ್ದು ಯಾವುದು, ಬೇರೆ ರೀತಿ ಕೂರಿಸಿದರೆ ಏನಾಗುತ್ತದೆ ಎಂದು ಕೇಳುತ್ತೇವೆ. ಸುಮಾರು 0.8 ಶೇಕಡಾ ಇಂಗಾಲವಿರುವ ಉಕ್ಕಿನ ಮೂರು ತುಂಡುಗಳನ್ನು ಕೆಂಪಗೆ ಕಾಯಿಸೋಣ. ಒಂದನ್ನು ಕುಲುಮೆಯಲ್ಲೇ ನಿಧಾನವಾಗಿ ಆರಲು ಬಿಟ್ಟರೆ ಅದು ಮೆತ್ತಗಾಗುತ್ತದೆ. ಇನ್ನೊಂದನ್ನು ನೀರಿಗೆ ಅದ್ದಿದರೆ ತುಂಬಾ ಗಡುಸಾಗುತ್ತದೆ, ಆದರೆ ಕೆಳಗೆ ಬಿದ್ದರೆ ಸೀಳುವಷ್ಟು ಪೆಡಸು. ಮೂರನೆಯದನ್ನು ನೀರಿಗೆ ಅದ್ದಿ, ಮತ್ತೆ ಹಿತವಾಗಿ ಕಾಯಿಸಿದರೆ ಗಡುಸೂ ಉಳಿಯುತ್ತದೆ, ಪೆಡಸೂ ಇಳಿಯುತ್ತದೆ. ಮೂರರಲ್ಲೂ ಇರುವುದು ಅದೇ ಕಬ್ಬಿಣ, ಅದೇ ಇಂಗಾಲ. ಬದಲಾದದ್ದು ಒಳಗಿನ ಜೋಡಣೆ ಮಾತ್ರ. ಕನ್ನಡದಲ್ಲಿ ಇದಕ್ಕೆ ‘ಹದ’ ಎಂಬ ಮಾತಿದೆ. ನಾಲ್ಕು ವರ್ಷ ನೀವು ಓದುವುದು ಈ ಹದದ ವಿಜ್ಞಾನವನ್ನೇ. ಲೋಹದ ಜೊತೆಗೆ ಸೆರಾಮಿಕ್, ಪಾಲಿಮರ್, ಸೆಮಿಕಂಡಕ್ಟರ್, ಕಾಂಪೊಸಿಟ್‌ಗಳ ಹದವನ್ನೂ ಓದುತ್ತೀರಿ.

ಮೊದಲ ವರ್ಷ ಬೇರೆ ಎಂಜಿನಿಯರಿಂಗ್‌ನವರಂತೆಯೇ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ. ನಿಜವಾದ ವಿಷಯ ಶುರುವಾಗುವುದು ಆಮೇಲೆ: ಸ್ಫಟಿಕ ರಚನೆ, ಥರ್ಮೊಡೈನಮಿಕ್ಸ್, ಡಿಫ್ಯೂಷನ್ (ವಸ್ತುವಿನೊಳಗೆ ಪರಮಾಣುಗಳು ಸರಿದಾಡುವುದು), ಫೇಸ್ ಡಯಾಗ್ರಾಂ (ಯಾವ ಮಿಶ್ರಣ ಯಾವ ಬಿಸಿಯಲ್ಲಿ ಯಾವ ರೂಪದಲ್ಲಿರುತ್ತದೆ ಎಂದು ತೋರಿಸುವ ನಕ್ಷೆ). ಕಬ್ಬಿಣ-ಇಂಗಾಲದ ಡಯಾಗ್ರಾಂ ಅನ್ನು, ಅದರಲ್ಲಿ 727 ಡಿಗ್ರಿ ಸೆಲ್ಸಿಯಸ್ಸಿನ ಅಡ್ಡಗೆರೆಯನ್ನು, ಪುಸ್ತಕ ನೋಡದೆ ಬರೆಯುವಷ್ಟು ಸಲ ಬರೆಯುತ್ತೀರಿ. ಡಿಸ್‌ಲೊಕೇಶನ್ ಪಾಠವೂ ಆಗಲೇ ಬರುತ್ತದೆ. ಪರಮಾಣುಗಳ ನಡುವಿನ ಬಂಧ ನೋಡಿ ಲೆಕ್ಕ ಹಾಕಿದರೆ ಲೋಹ ಈಗಿರುವುದಕ್ಕಿಂತ ನೂರಾರು ಪಟ್ಟು ಗಟ್ಟಿ ಇರಬೇಕಿತ್ತು. ಯಾಕಿಲ್ಲ ಎಂಬುದಕ್ಕೆ 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಎಂಬ ಮೂವರು ವಿಜ್ಞಾನಿಗಳೂ ಬೇರೆಬೇರೆಯಾಗಿ ಒಂದೇ ಉತ್ತರ ಕೊಟ್ಟರು. ಪರಮಾಣುಗಳ ಪದರ ಇಡಿಯಾಗಿ ಜಾರುವುದಿಲ್ಲ. ಜಮಖಾನೆಯ ಒಂದು ತುದಿಯಲ್ಲಿ ಎದ್ದ ಸುಕ್ಕು ಇನ್ನೊಂದು ತುದಿಗೆ ಸರಿದಂತೆ, ಜೋಡಣೆಯ ಒಂದು ದೋಷರೇಖೆ, ಅಂದರೆ ಡಿಸ್‌ಲೊಕೇಶನ್, ಸರಿಯುತ್ತದೆ, ಅದಕ್ಕೆ ಸಣ್ಣ ಬಲ ಸಾಕು. ನಿಮ್ಮ ಕ್ಲಿಪ್ ಬಿರುಸಾದದ್ದೂ ಇದರಿಂದಲೇ. ಬಗ್ಗಿಸಿದಷ್ಟೂ ಈ ರೇಖೆಗಳು ಹೆಚ್ಚಿ, ಒಂದಕ್ಕೊಂದು ತೊಡರಿಕೊಂಡು, ಸರಿಯಲು ದಾರಿ ಇಲ್ಲದಂತಾಗುತ್ತದೆ.

ಪ್ರಯೋಗಾಲಯದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಈ ಓದಿನ ರುಚಿ ನನಗೆ ಹತ್ತಿದ್ದು ಅಲ್ಲಿ. ಉಕ್ಕಿನ ಚೂರನ್ನು ಎಮರಿ ಪೇಪರ್ ಮೇಲೆ ಉಜ್ಜಬೇಕು. ಒರಟು ಪೇಪರಿನಿಂದ ನುಣುಪಿನದಕ್ಕೆ ಹೋಗುವಾಗ ಪ್ರತಿ ಸಲವೂ ಚೂರನ್ನು ಅಡ್ಡಲಾಗಿ ತಿರುಗಿಸಿ ಹಿಂದಿನ ಗೀರುಗಳೆಲ್ಲ ಅಳಿಯುವವರೆಗೆ ಉಜ್ಜಬೇಕು. ಕನ್ನಡಿಯಂತಾದ ಮೇಲೆ, ಆಲ್ಕೋಹಾಲಿನಲ್ಲಿ ಸ್ವಲ್ಪ ನೈಟ್ರಿಕ್ ಆಸಿಡ್ ಬೆರೆಸಿದ ದ್ರಾವಣಕ್ಕೆ ಕೆಲವೇ ಸೆಕೆಂಡು ಒಡ್ಡಬೇಕು. ನಾನು ಮೊದಲ ಸಲ ತುಸು ಹೆಚ್ಚು ಹೊತ್ತು ಬಿಟ್ಟೆ, ಮೇಲ್ಮೈ ಕಪ್ಪಿಟ್ಟಿತು, ಮತ್ತೆ ಎಮರಿ ಪೇಪರಿಗೇ ಹೋದೆ. ಎರಡನೇ ಸಲ ಮೈಕ್ರೊಸ್ಕೋಪಿನಲ್ಲಿ ಇಣುಕಿದಾಗ ಬೆರಳಚ್ಚಿನಂಥ ಸಾಲುಸಾಲು ಗೆರೆಗಳು ಕಂಡವು, ಕಬ್ಬಿಣದ ಒಂದು ಪದರ, ಕಬ್ಬಿಣಕ್ಕೆ ಇಂಗಾಲ ಕೂಡಿದ ಕಾರ್ಬೈಡಿನ ಒಂದು ಪದರ. ಅದರ ಹೆಸರು ಪರ್ಲೈಟ್. ಮುತ್ತಿನ ಚಿಪ್ಪಿನ ಒಳಮೈಯಂತೆ ಹೊಳೆಯುತ್ತದೆ ಎಂದು ಆ ಹೆಸರು. ಅದುವರೆಗೆ ಉಕ್ಕು ನನಗೆ ಒಂದು ಬೂದು ಬಣ್ಣದ ವಸ್ತುವಾಗಿತ್ತು, ಅಷ್ಟೆ. ಕಾಲೇಜು ಆರಿಸುವಾಗ ಕಟ್ಟಡ, ಹೆಸರು ನೋಡುವುದಕ್ಕಿಂತ ವಿದ್ಯಾರ್ಥಿಗಳೇ ಈ ಕೆಲಸವನ್ನು ಕೈಯಾರೆ ಮಾಡುತ್ತಾರೆಯೇ, ಎಲೆಕ್ಟ್ರಾನ್ ಮೈಕ್ರೊಸ್ಕೋಪನ್ನು ಪದವಿಯವರಿಗೂ ಮುಟ್ಟಲು ಕೊಡುತ್ತಾರೆಯೇ ಎಂದು ಈಗ ಓದುತ್ತಿರುವವರನ್ನು ಕೇಳಿ.

ಪ್ರಶ್ನೆ: ಮಗಳು ಈ ಕೋರ್ಸನ್ನೇ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನಾವು ಹೆಸರೇ ಕೇಳಿಲ್ಲ. ಓದಿದ ಮೇಲೆ ಕೆಲಸ ಸಿಗುತ್ತದೆಯೇ?

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ. ‘ಮೆಟೀರಿಯಲ್ಸ್ ಎಂಜಿನಿಯರ್ ಬೇಕಾಗಿದ್ದಾರೆ’ ಎಂಬ ಜಾಹೀರಾತು ಕಂಪ್ಯೂಟರಿನವರಿಗೆ ಬರುವಷ್ಟು ಬರುವುದಿಲ್ಲ. ಕೆಲಸ ಬೇರೆ ಹೆಸರುಗಳಲ್ಲಿ ಇರುತ್ತದೆ: ಪ್ರೋಸೆಸ್ ಎಂಜಿನಿಯರ್, ಕ್ವಾಲಿಟಿ, ಫೇಲ್ಯೂರ್ ಅನಾಲಿಸಿಸ್ (ಮುರಿದದ್ದು ಯಾಕೆ ಮುರಿಯಿತು ಎಂದು ಹುಡುಕುವುದು). ಉಕ್ಕು, ವಾಹನ, ವಿಮಾನ, ಚಿಪ್, ಬ್ಯಾಟರಿ, ಮೂಳೆಯ ಬದಲಿಗೆ ದೇಹದೊಳಗೆ ಕೂರಿಸುವ ಇಂಪ್ಲಾಂಟ್, ಎಲ್ಲ ಕಡೆಯೂ ಇವರು ಬೇಕು. ಆದರೆ ಸಂಶೋಧನಾ ವಿಭಾಗದ ಹುದ್ದೆಗಳಿಗೆ ಹೆಚ್ಚಾಗಿ ಮಾಸ್ಟರ್ಸ್ ಅಥವಾ ಪಿಎಚ್‌.ಡಿ. ಕೇಳುತ್ತಾರೆ. ಪದವಿಗೇ ನಿಲ್ಲಿಸುವುದಾದರೆ ಮೂರನೇ ವರ್ಷದ ರಜೆಯಲ್ಲಿ ಯಾವುದಾದರೂ ಕಾರ್ಖಾನೆಯಲ್ಲಿ ಇಂಟರ್ನ್‌ಶಿಪ್ ಮಾಡಲೇಬೇಕು. ಇದನ್ನು ಮಗಳಿಗೆ ಈಗಲೇ ಹೇಳಿ.

ಇವರ ಕೆಲಸ ಎಂಥದ್ದು ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ‘ಸ್ಕೆನೆಕ್ಟಡಿ’ ಎಂಬ ಹೊಚ್ಚಹೊಸ ಟ್ಯಾಂಕರ್ ಹಡಗು ದಡದಲ್ಲಿ ಕಟ್ಟಿ ನಿಲ್ಲಿಸಿದ್ದಂತೆಯೇ ನಡುವೆ ಸೀಳಿತು. ಅಲೆ ಇಲ್ಲ, ಬಿರುಗಾಳಿ ಇಲ್ಲ, ಡಿಕ್ಕಿಯೂ ಇಲ್ಲ. ಯುದ್ಧದ ಆ ವರ್ಷಗಳಲ್ಲಿ ಕಟ್ಟಿದ ‘ಲಿಬರ್ಟಿ’ ಎಂಬ ಸರಕು ಹಡಗುಗಳಲ್ಲೂ ಇಂಥ ಬಿರುಕುಗಳು ಕಂಡವು. ಹಲವರು ವೆಲ್ಡಿಂಗ್ ಅನ್ನು ದೂರಿದರು. ಕೇಂಬ್ರಿಜ್‌ನ ಲೋಹವಿಜ್ಞಾನಿ ಕಾನ್‌ಸ್ಟನ್ಸ್ ಟಿಪ್ಪರ್ ಉಕ್ಕನ್ನೇ ಪರೀಕ್ಷಿಸಿದರು. ಬೆಚ್ಚಗಿದ್ದಾಗ ಬಗ್ಗುವ ಆ ಉಕ್ಕು ಒಂದು ಮಟ್ಟಕ್ಕಿಂತ ತಣ್ಣಗಾದರೆ ಪೆಡಸಾಗಿ ಸೀಳುತ್ತದೆ ಎಂದು ತೋರಿಸಿದರು. ವೆಲ್ಡ್ ಮಾಡಿದ ಹಡಗಿನ ಮೈ ಒಂದೇ ಹಾಳೆಯಂತಿದ್ದುದರಿಂದ ಹುಟ್ಟಿದ ಬಿರುಕು ತಡೆಯಿಲ್ಲದೆ ಓಡುತ್ತಿತ್ತು. ಇಂದು ಶೀತಪ್ರದೇಶದ ಹಡಗಿಗೆ, ಪೈಪ್‌ಲೈನಿಗೆ ಉಕ್ಕು ಆರಿಸುವಾಗ ತಣ್ಣಗಿನ ಸ್ಥಿತಿಯಲ್ಲೇ ಅದನ್ನು ಸುತ್ತಿಗೆ ಏಟಿನ ಪರೀಕ್ಷೆಗೆ ಒಡ್ಡುತ್ತಾರೆ. ನಿಮ್ಮ ಮಗಳು ಮುಂದೆ ಅಂಥ ಪರೀಕ್ಷೆಯ ವರದಿಗೆ ಸಹಿ ಹಾಕುವವಳಾಗಬಹುದು. ಅದು ಸಣ್ಣ ಕೆಲಸವಲ್ಲ.

ಪ್ರಶ್ನೆ: ಗಣಿತದಲ್ಲಿ ನಾನು ಸಾಧಾರಣ. ರಸಾಯನಶಾಸ್ತ್ರದ ಬಾಯಿಪಾಠವೂ ಬೇಜಾರು. ಈ ಪದವಿ ನನಗೆ ಆಗಿಬರುತ್ತದೆಯೇ?

ಉತ್ತರ: ಬಾಯಿಪಾಠದ ಚಿಂತೆ ಬಿಡಿ. ಇಲ್ಲಿ ಬಳಸುವ ರಸಾಯನಶಾಸ್ತ್ರದಲ್ಲಿ ಬಂಧ, ಶಕ್ತಿ, ಸಮತೋಲನ ಇವೇ ಮುಖ್ಯ. ಗಣಿತದಿಂದ ಮಾತ್ರ ತಪ್ಪಿಸಿಕೊಳ್ಳಲಾಗದು. ಡಿಫ್ಯೂಷನ್ ಸಮೀಕರಣ ಬಿಡಿಸಲು ಕ್ಯಾಲ್ಕುಲಸ್ ಬೇಕೇ ಬೇಕು. ‘ಸಾಧಾರಣ’ ಎಂದರೆ ನಿಧಾನ ಎಂದಾದರೆ ಅಡ್ಡಿಯಿಲ್ಲ, ಅಭ್ಯಾಸದಿಂದ ಸರಿಹೋಗುತ್ತದೆ. ಗಣಿತ ಕಂಡರೆ ಆಗದು ಎಂದಾದರೆ ಇನ್ನೊಮ್ಮೆ ಯೋಚಿಸಿ. ಬಿಡುವಿದ್ದಾಗ ಪೈಥಾನ್ ಕಲಿಯಲು ಶುರುಮಾಡಿ, ದತ್ತಾಂಶ ನೋಡಲು ಮೊದಲ ವರ್ಷದಿಂದಲೇ ನೆರವಾಗುತ್ತದೆ.

ಮನಸ್ಸು ಒಪ್ಪುತ್ತದೆಯೇ ಎಂದು ತಿಳಿಯಲು ಇನ್ನೊಂದು ದಾರಿಯಿದೆ. ಸೈಕಲ್ ರಿಪೇರಿಯವರ ಹತ್ತಿರ ತುಂಡಾದ ಆ್ಯಕ್ಸೆಲ್ ಅಥವಾ ಪೆಡಲಿನ ಕ್ರ್ಯಾಂಕ್ ಇದ್ದರೆ ಕೇಳಿ ತನ್ನಿ. ಮುರಿದ ಮುಖವನ್ನು ಉಜ್ಜಬೇಡಿ, ಎರಡು ತುಂಡನ್ನು ಮತ್ತೆ ಜೋಡಿಸಿ ನೋಡಲೂ ಬೇಡಿ, ಗುರುತು ಅಳಿಸಿಹೋಗುತ್ತದೆ. ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿಯಿರಿ. ಬಹಳ ಸಲ ಒಂದು ಭಾಗ ನುಣುಪಾಗಿದ್ದು, ಅದರಲ್ಲಿ ಮರಳಿನ ಮೇಲೆ ಅಲೆ ಬಿಟ್ಟಂಥ ಬಾಗುಗೆರೆಗಳಿರುತ್ತವೆ. ಉಳಿದದ್ದು ಒರಟು. ನುಣುಪಿನ ಭಾಗದಲ್ಲಿ ಬಿರುಕು ದಿನಗಟ್ಟಲೆ ಮೆಲ್ಲಗೆ ಬೆಳೆದಿದೆ, ಒರಟು ಭಾಗ ಕೊನೆಯ ಗಳಿಗೆಯಲ್ಲಿ ಒಮ್ಮೆಗೇ ಹೋದದ್ದು. ಬಾಗುಗೆರೆಗಳನ್ನು ಹಿಂದಕ್ಕೆ ಹಿಂಬಾಲಿಸಿ, ಅವು ಕಿರಿದಾಗುತ್ತಾ ಹೋಗಿ ಸೇರುವ ಜಾಗದಲ್ಲಿ ಒಂದು ಗೀರೋ, ತುಕ್ಕಿನ ಚುಕ್ಕೆಯೋ ಇದೆಯೇ ಹುಡುಕಿ.