ಕಾನೂನು ಸಲಹೆ: ಹದಿನೇಳಕ್ಕೆ ಸ್ಕೂಟರ್ ಓಡಿಸಿದವನಿಗೆ ಇಪ್ಪತ್ತೈದರವರೆಗೆ ಲೈಸೆನ್ಸ್ ಇಲ್ಲವೆ?

ಪ್ರಶ್ನೆ: ನನ್ನ ಅಕ್ಕನ ಮಗನಿಗೆ 17 ವರ್ಷ, ಉಡುಪಿಯಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ನನ್ನ ಹೆಸರಿನಲ್ಲಿರುವ ಸ್ಕೂಟರನ್ನು ಟ್ಯೂಷನ್ನಿಗೆ ಒಯ್ದಿದ್ದಾಗ ಕಲ್ಸಂಕದ ಬಳಿ ಪೊಲೀಸರು ತಡೆದು ಪ್ರಕರಣ ದಾಖಲಿಸಿದ್ದಾರೆ. ಅಪಘಾತವೇನೂ ಆಗಿಲ್ಲ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಮುಗಿಯಿತು ಎಂದು ಕೆಲವರು ಹೇಳುತ್ತಾರೆ. ಅವನಿಗೆ 25 ವರ್ಷದವರೆಗೆ ಲೈಸೆನ್ಸೇ ಸಿಗದು ಎಂದು ಇನ್ನು ಕೆಲವರು ಹೆದರಿಸುತ್ತಾರೆ. ಯಾವುದು ನಿಜ? ಮಂಗಳೂರಿನಲ್ಲಿ ಅರ್ಜಿ ಹಾಕಿದರೆ ಆದೀತೆ?
– ಓದುಗರೊಬ್ಬರು, ಕಾಪು

ಉತ್ತರ: ಹೆದರಿಸಿದವರ ಮಾತೇ ಕಾನೂನಿಗೆ ಹತ್ತಿರವಾಗಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ ಕಲಂ 199ಎ ಪ್ರಕಾರ, ಅಪ್ರಾಪ್ತ ವಯಸ್ಸಿನವರು ಈ ಕಾಯ್ದೆಯಡಿ ಅಪರಾಧ ಎಸಗಿದರೆ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನೇ ತಪ್ಪಿತಸ್ಥರೆಂದು ಪರಿಗಣಿಸಲಾಗುತ್ತದೆ. ಅವರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆರ್‌ಸಿ ನಿಮ್ಮ ಹೆಸರಿನಲ್ಲಿರುವುದರಿಂದ ಸಮನ್ಸ್ ಅಕ್ಕ–ಭಾವನಿಗೆ ಹೋಗದೆ ನಿಮಗೇ ಬಂದರೆ ಆಶ್ಚರ್ಯಪಡಬೇಡಿ. ಹುಡುಗನ ಪ್ರಕರಣ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಅವನಿಗೆ ಸಂಬಂಧಿಸಿದ್ದು ಇದೇ ಕಲಮಿನ ಐದನೆಯ ಉಪಕಲಂ: 25 ವರ್ಷ ತುಂಬುವವರೆಗೆ ಅವನು ಡಿಎಲ್‌ಗೂ ಅರ್ಹನಲ್ಲ, ಎಲ್‌ಎಲ್‌ಆರ್‌ಗೂ ಅರ್ಹನಲ್ಲ.

ಮನೆಯ ಹಿರಿಯರು 25,000 ರೂಪಾಯಿಯ ಲೆಕ್ಕ ಹಾಕುತ್ತಾರೆಯೇ ಹೊರತು ಈ ಏಳೆಂಟು ವರ್ಷಗಳ ಲೆಕ್ಕ ಹಾಕುವುದಿಲ್ಲ. ಪದವಿ ಮುಗಿಸಿ ಕೆಲಸ ಹುಡುಕುವ ಹೊತ್ತಿನಲ್ಲಿ, ದ್ವಿಚಕ್ರ ವಾಹನ ಮತ್ತು ಡಿಎಲ್ ಕಡ್ಡಾಯವೆನ್ನುವ ಕಂಪನಿಗಳ ಬಾಗಿಲು ಅವನಿಗೆ ಮುಚ್ಚಿರುತ್ತದೆ. ಆದ್ದರಿಂದ ಮೊದಲ ದಿನವೇ ತಪ್ಪೊಪ್ಪಿಕೊಂಡು ಕೈತೊಳೆದುಕೊಳ್ಳುವುದು ಜಾಣತನವಲ್ಲ; ಮೊದಲು ವಕೀಲರಿಗೆ ಕಾಗದಪತ್ರ ತೋರಿಸಿ.

ನಿಮ್ಮ ಗಮನಕ್ಕೆ ಬಾರದೆ ಅವನು ವಾಹನ ಒಯ್ದಿದ್ದರೆ ಅಥವಾ ಹಾಗಾಗದಂತೆ ನೀವು ತಕ್ಕ ಎಚ್ಚರಿಕೆ ವಹಿಸಿದ್ದರೆ ನೀವು ಹೊಣೆಯಿಂದ ಪಾರಾಗಬಹುದು. ಆದರೆ ಅದನ್ನು ರುಜುವಾತುಪಡಿಸುವ ಭಾರ ನಿಮ್ಮದೇ. ಕೀಲಿಕೈ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದು, ಪೆಟ್ರೋಲಿಗೂ ನೀವೇ ಹಣ ಕೊಡುತ್ತಿದ್ದರೆ ಈ ವಾದ ನಿಲ್ಲದು. 16 ತುಂಬಿದವರು ಲೈಸೆನ್ಸ್ ಪಡೆದು ಗಾಡಿ ಓಡಿಸಬಹುದೆಂಬ ಮಾತು ನಿಜವಾದರೂ ಅದು 50 ಸಿಸಿ ಮೀರದ ವಾಹನಗಳಿಗಷ್ಟೇ ಅನ್ವಯಿಸುತ್ತದೆ. ನಮ್ಮ ಕಾಲೇಜು ಮಕ್ಕಳ ಕೈಯಲ್ಲಿರುವ ಪೆಟ್ರೋಲ್ ಸ್ಕೂಟರುಗಳು ಸಾಮಾನ್ಯವಾಗಿ 100 ಸಿಸಿಗಿಂತ ಮೇಲಿನವು.

ಹುಡುಗನ ಪರವಾಗಿ ಒಂದು ವಾದವಿದೆ. 2015ರ ಬಾಲನ್ಯಾಯ ಕಾಯ್ದೆಯ ಕಲಂ 24, ಆ ಕಾಯ್ದೆಯಡಿ ವಿಚಾರಣೆಗೊಳಗಾದ ಮಗುವಿಗೆ ಶಿಕ್ಷೆಯ ಜೊತೆಗೆ ಬರುವ ಅನರ್ಹತೆ ತಗಲಬಾರದೆನ್ನುತ್ತದೆ. ಮಂಡಳಿಯ ಮುಂದೆ ಇದನ್ನು ಎತ್ತಬೇಕು, ಆದೇಶದಲ್ಲಿ ದಾಖಲಾಗುವಂತೆ ಕೋರಬೇಕು. ಇದು ಖಚಿತ ಬಿಡುಗಡೆಯೆಂದು ಭಾವಿಸಬೇಡಿ. ಆರ್‌ಟಿಒ ಅಧಿಕಾರಿಯ ಕಣ್ಣಿಗೆ ಮೊದಲು ಬೀಳುವುದು 199ಎ.

ಇನ್ನು ಮಂಗಳೂರಿನ ಮಾತು. ಕೆಎ 20 ಬಿಟ್ಟು ಕೆಎ 19ಕ್ಕೆ ಹೋದರೂ ಕಾಯ್ದೆ ಒಂದೇ, ಅನರ್ಹತೆಗೆ ಜಿಲ್ಲೆಯ ಗಡಿಯಿಲ್ಲ. ವಿಷಯ ಮರೆಮಾಚಿ ಪಡೆದ ಲೈಸೆನ್ಸನ್ನು ಮೋಟಾರು ವಾಹನ ಕಾಯ್ದೆಯ ಕಲಂ 19ರಡಿ ರದ್ದುಪಡಿಸಬಹುದು. ಅಪಘಾತವಾಗದಿದ್ದುದು ನಿಮ್ಮ ಪುಣ್ಯ: ಲೈಸೆನ್ಸಿಲ್ಲದ ಹುಡುಗನಿಂದ ಯಾರಿಗಾದರೂ ಪೆಟ್ಟಾಗಿದ್ದರೆ ವಿಮಾ ಕಂಪನಿಯು ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕರಾದ ನಿಮ್ಮಿಂದ ವಸೂಲು ಮಾಡಬಹುದಿತ್ತು. ಹುಡುಗ ಕೇಳದೆಯೇ ಕೀಲಿಕೈ ಒಯ್ದನೆಂದು ಮಾಲೀಕರು ಹೇಳಿದ್ದ ಪ್ರಕರಣದಲ್ಲಿಯೂ 2011ರಲ್ಲಿ ಸುಪ್ರೀಂ ಕೋರ್ಟ್ ಇಂಥ ವಸೂಲಿಯನ್ನು ಎತ್ತಿಹಿಡಿದಿದೆ.

ಪ್ರಶ್ನೆ: ನನಗೆ 19 ವರ್ಷ, ಡಿಎಲ್ ಇದೆ. ಬೈಕಿನಲ್ಲಿ ಮೂವರು ಹೋಗಿದ್ದಕ್ಕೆ ದಂಡ ಕಟ್ಟಿದ್ದೇನೆ. ಈಗ ಲೈಸೆನ್ಸ್ ಅಮಾನತಿನ ನೋಟಿಸ್ ಬಂದಿದೆ. ಒಂದೇ ತಪ್ಪಿಗೆ ಎರಡು ಶಿಕ್ಷೆಯೆ?
– ವಿದ್ಯಾರ್ಥಿ, ಸುರತ್ಕಲ್

ಉತ್ತರ: ಮೋಟಾರು ವಾಹನ ಕಾಯ್ದೆಯ ಕಲಂ 194ಸಿಯಲ್ಲಿ 1,000 ರೂಪಾಯಿ ದಂಡದ ಜೊತೆಯಲ್ಲೇ 3 ತಿಂಗಳ ಅನರ್ಹತೆಯನ್ನೂ ಹೇಳಿದೆ. ನೋಟಿಸಿಗೆ ಉತ್ತರ ಕೊಡದೆ ಸುಮ್ಮನಿರಬೇಡಿ. ಆದೇಶಕ್ಕೆ ಮುನ್ನ ನಿಮ್ಮ ಅಹವಾಲು ಕೇಳಬೇಕಾದದ್ದು ನಿಯಮ. ಕಲಂ 19ರಡಿ ಆದೇಶವಾದರೆ ಅದು ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಆ 3 ತಿಂಗಳು ಬೈಕ್ ಮುಟ್ಟಬೇಡಿ: ಅನರ್ಹತೆಯ ಅವಧಿಯಲ್ಲಿ ವಾಹನ ಓಡಿಸಿದರೆ ಕಲಂ 182ರಡಿ 10,000 ರೂಪಾಯಿ ದಂಡ, 3 ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು.